ಸೊಂಟದಲ್ಲಿ ಅಡ್ಡ ಮಲಗಿದ್ದ ಚಾಕು

ಎಲ್ಲೇ ಕೂರಲು ಹೋಗಲಿ, ನನ್ನ ಎಡಗೈ ತಾನಾಗಿಯೇ ಸೊಂಟದ ಎಡಭಾಗಕ್ಕೆ ಹೋಗಿ ಏನನ್ನೋ ಮುಟ್ಟಿ ನೋಡುತ್ತದೆ. ಅಲ್ಲಿ ಏನೂ ಇಲ್ಲ. ಇಲ್ಲವಾಗಿ ಎಷ್ಟೋ ವರ್ಷಗಳಾದವು. ಮೊನ್ನೆ ಬ್ಯಾಂಕಿನ ಬೆಂಚಿನ ಮೇಲೆ ಹೀಗೆ ಸೊಂಟ ಸವರಿಕೊಂಡು ಕೂತಾಗ, ಪಕ್ಕದಲ್ಲಿದ್ದ ಹೆಂಗಸು ತಮ್ಮ ಕೈಚೀಲವನ್ನು ತೊಡೆಯ ಮೇಲಿಂದೆತ್ತಿ ಎದೆಗವಚಿಕೊಂಡು ಅರ್ಧ ಅಡಿ ಆಚೆ ಸರಿದರು. ನನಗೆ ಬೇಜಾರಾಗಲಿಲ್ಲ. ಅನುಮಾನ ಪಡುವವರನ್ನು ಕಂಡರೆ ನನಗೆ ನಮ್ಮ ಕಡೆಯವರನ್ನು ಕಂಡಷ್ಟು ಸಂತೋಷ.

ಅಲ್ಲಿ ಒಂದು ಕಾಲದಲ್ಲಿ ಚಾಕು ಇತ್ತು. ನೀವು ಈಗಲೇ ಹುಬ್ಬೇರಿಸಿದ್ದೀರಿ, ನನಗೆ ಗೊತ್ತು. ನಾನು ಪುಂಡನಾಗಿರಲಿಲ್ಲ. ಅರವತ್ತರ ದಶಕದಲ್ಲಿ ತುಮಕೂರಿನ ಒಂದು ಸರ್ಕಾರಿ ನರ್ಸರಿಯಲ್ಲಿ ಗಿಡಗಳಿಗೆ ಕಸಿ ಕಟ್ಟುವ ಕೆಲಸ ನನ್ನದು. ಮೂರು ಬೆರಳುದ್ದದ ಅಲಗು, ಬೀಟೆಮರದ ಹಿಡಿ. ಮಡಚುವ ಚಾಕು ಕಸಿಗೆ ಆಗದೆಂಬುದು ನನ್ನ ಹಠ. ಕೀಲು ಕೂದಲೆಳೆಯಷ್ಟು ಅಲ್ಲಾಡಿದರೂ ಕೊಯ್ತ ಸೊಟ್ಟಗಾಗುತ್ತದೆ, ಸೊಟ್ಟ ಕೊಯ್ತ ಕೂಡಿಕೊಳ್ಳುವುದಿಲ್ಲ. ಆ ಚಾಕುವಿನಲ್ಲಿ ಗಿಡ ಬಿಟ್ಟು ಬೇರೇನನ್ನೂ ಕೊಯ್ಯಬಾರದು. ಹುಳಿಯಂತೂ ತಾಗಲೇಬಾರದು. ತಾಗಿದರೆ ಅಲಗು ಕಪ್ಪಿಟ್ಟು ಹಲ್ಲು ಬಿಡುತ್ತದೆ, ಆಮೇಲೆ ಅದು ತೊಗಟೆಯನ್ನು ಕೊಯ್ಯುವುದಿಲ್ಲ, ಹರಿಯುತ್ತದೆ.

ಮೊದಮೊದಲು ಅದನ್ನು ಮನೆಯ ಗೂಡಿನಲ್ಲಿ ಇಡುತ್ತಿದ್ದೆ. ಇಟ್ಟು ನಿಶ್ಚಿಂತೆಯಿಂದ ಇರುವ ಸ್ವಭಾವ ನನ್ನದಲ್ಲ. ಬೆಳಿಗ್ಗೆ ಎದ್ದ ಕೂಡಲೇ ಚಾಕು ತೆಗೆದು ಮೂಸುತ್ತಿದ್ದೆ. ಒಂದು ದಿನ ಈರುಳ್ಳಿಯ ವಾಸನೆ ಬಂದ ಹಾಗಾಯಿತು. ಹೆಂಡತಿ ಸರೋಜಳನ್ನು ಕರೆದು ವಿಚಾರಣೆ ಶುರುಮಾಡಿದೆ.

"ನಿಮ್ ಚಾಕು ಯಾರಿಗ್ರೀ ಬೇಕು? ನಂಗೆ ಈಳಿಗೆಮಣೆ ಇದೆ" ಎಂದಳು ಅವಳು. "ಈರುಳ್ಳಿ ವಾಸ್ನೆ ಬರ್ತಿರೋದು ನಿಮ್ಮ ಕೈಯಿಂದ. ರಾತ್ರಿ ಉಪ್ಪಿಟ್ಟು ತಿಂದು ಸರಿಯಾಗಿ ಕೈ ತೊಳೆದ್ರಾ?"

ಕೈ ಮೂಸಿ ನೋಡಿಕೊಂಡೆ. ಅವಳು ಹೇಳಿದ್ದು ನಿಜವಿತ್ತು. ಆದರೆ ಅಷ್ಟು ಚೆನ್ನಾಗಿ ಉತ್ತರ ಕೊಟ್ಟಳಲ್ಲ, ಮೊದಲೇ ಸಿದ್ಧಮಾಡಿಕೊಂಡಿದ್ದಳೇನೋ ಎಂಬ ಸಂಶಯ ಹೋಗಲಿಲ್ಲ. ಅಂದೇ ಚಾಕುವನ್ನು ಮೈಮೇಲೆಯೇ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ.

ಬೆಲ್ಟಿಗೆ ನೇತುಹಾಕಿಕೊಂಡು ನೋಡಿದರೆ ಬೇರೆ ತೊಂದರೆ. ನಮ್ಮದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ ಜನ. ಕೂತರೆ ಹಿಡಿ ಪಕ್ಕೆಗೆ ತಿವಿಯುತ್ತಿತ್ತು, ಒರೆಯ ತುದಿ ತೊಡೆಗೆ ಒತ್ತುತ್ತಿತ್ತು. ಸೈಕಲ್ ತುಳಿಯುವಾಗಂತೂ ಕೇಳಬೇಡಿ. ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದ ಮುದುಕನ ಬಳಿ ಹೋದೆ. ಅವನು ಚಾಕುವನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಒಂದ್ಸಲ ಊಟಕ್ಕೆ ಕೂತಂಗೆ ಕೂತ್ಕಳಿ ಸ್ವಾಮಿ" ಎಂದ.

ರಸ್ತೆಯ ಬದಿಯಲ್ಲಿ, ಜನ ಓಡಾಡುವ ಹೊತ್ತಿನಲ್ಲಿ, ಎಲೆಯಿಲ್ಲದೆ ಊಟಕ್ಕೆ ಕೂತೆ. ಅವನು ನನ್ನ ಸೊಂಟದ ಮಡಿಕೆಗಳನ್ನೆಲ್ಲ ಪರಿಶೀಲಿಸಿ, ಒರೆಯನ್ನು ಬೆಲ್ಟಿನ ಮೇಲೆ ಅಡ್ಡಲಾಗಿ ಹೊಲಿದುಕೊಟ್ಟ. ಬಕಲ್ಲಿನ ಎಡಕ್ಕೆ, ಬಲಗೈಗೆ ಹಿಡಿ ಸಿಗುವ ಹಾಗೆ ಚಾಕು ಮಲಗಿಕೊಂಡಿತು. ಮೇಲೆ ಅಂಗಿ ಬಿಟ್ಟುಕೊಂಡರೆ ಯಾರಿಗೂ ಕಾಣದು. ಆಮೇಲೆ ಸ್ನಾನಕ್ಕೆ ಮತ್ತು ನಿದ್ದೆಗೆ ಬಿಟ್ಟರೆ ಅದು ನನ್ನನ್ನು ಅಗಲಲಿಲ್ಲ. ನಿದ್ದೆಯಲ್ಲೂ ದಿಂಬಿನ ಕೆಳಗಿರುತ್ತಿತ್ತು.

ಇದೊಂದೇ ವಸ್ತುವಿನ ಮೇಲೆ ನನಗೆ ಹೀಗೆ ಎಂದುಕೊಳ್ಳಬೇಡಿ. ನಾನು ಹುಟ್ಟಿದ್ದೇ ಹಾಗೆ. ಐವತ್ತರ ದಶಕದಲ್ಲಿ ಹೈಸ್ಕೂಲಿನಲ್ಲಿದ್ದಾಗ ನನ್ನ ಟ್ರಂಕಿನ ಮುಚ್ಚಳದ ಸಂದಿಗೆ ಒಂದು ದಾರದ ಎಳೆ ಸಿಕ್ಕಿಸಿ ಶಾಲೆಗೆ ಹೋಗುತ್ತಿದ್ದೆ, ಯಾರಾದರೂ ತೆಗೆದರೆ ತಿಳಿಯಲಿ ಅಂತ. ಟ್ರಂಕಿನಲ್ಲಿದ್ದದ್ದು ಎರಡು ಅಂಗಿ ಮತ್ತು ಒಂದು ಮುರಿದ ಕೈವಾರ. ನಮ್ಮಮ್ಮ ಗುಡಿಸುವಾಗ ಕಸವೆಂದು ಆ ದಾರವನ್ನು ಎಳೆದು ಬಿಸಾಡುತ್ತಿದ್ದರು, ನಾನು ಸಂಜೆ ಬಂದು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿದ್ದೆ. ದೇವರಾಯನದುರ್ಗಕ್ಕೆ ಶಾಲೆಯಿಂದ ಕರೆದುಕೊಂಡು ಹೋದಾಗ ನನ್ನ ಪುಳಿಯೋಗರೆಯ ಗಂಟು ಮಾಯವಾಯಿತು. ಕೋತಿ ಎತ್ತಿಕೊಂಡು ಹೋಗಿದ್ದನ್ನು ಮೇಷ್ಟ್ರೇ ಕಣ್ಣಾರೆ ಕಂಡಿದ್ದರು. ಆದರೂ ನನ್ನ ಪಕ್ಕದ ಬೆಂಚಿನ ಇಬ್ಬರ ಮೇಲೆ ಇವತ್ತಿಗೂ ನನಗೊಂದು ಗುಮಾನಿ ಉಂಟು.

ಚಾಕು ಕಟ್ಟಿಕೊಂಡ ಮೇಲೆ ಲೆಕ್ಕ ಸಮನಾಯಿತು. ನಾನು ಜನರನ್ನು ಅನುಮಾನಿಸುತ್ತಿದ್ದೆ, ಜನ ನನ್ನನ್ನು ಅನುಮಾನಿಸತೊಡಗಿದರು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಗಾಳಿಗೆ ಅಂಗಿ ಹಾರಿದ್ದೇ ತಡ, ಒಬ್ಬ ಪೊಲೀಸಪ್ಪ ಬಂದು ಹಿಡಿದುಕೊಂಡ.

"ಏನ್ರೀ ಇದು ಸೊಂಟದಲ್ಲಿ?"

"ಕಸಿ ಚಾಕು ಸಾರ್."

"ಯಾರಿಗೆ ಕಸಿ?"

"ಮಾವಿನ ಗಿಡಕ್ಕೆ ಸಾರ್."

"ಮಾವಿನ ಗಿಡ ಎಲ್ಲಿದೆ, ತೋರ್ಸಿ" ಎಂದ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲಿಂದ ತೋರಿಸಲಿ? ಅಲ್ಲಿದ್ದ ಒಂದು ಬೇವಿನ ಗಿಡದ ರೆಂಬೆಯಲ್ಲಿ ಕೊಯ್ತ ಹಾಕಿ ತೋರಿಸಿದ ಮೇಲೆ ಬಿಟ್ಟ. ಬಿಟ್ಟವನು ಸುಮ್ಮನೆ ಹೋಗಲಿಲ್ಲ, ನನ್ನ ಬಸ್ಸು ಹೊರಡುವ ತನಕ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ ನನ್ನನ್ನೇ ನೋಡುತ್ತಿದ್ದ. ಅಂಥ ಶ್ರದ್ಧೆ ನನಗೆ ಬಹಳ ಹಿಡಿಸಿತು.

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನೆ. ಆದರೆ ಆ ಚಾಕುವಿನಿಂದ ನಾನೊಂದು ಕೆಟ್ಟ ಕೆಲಸ ಮಾಡಿದೆ, ಅದೂ ಯಾರನ್ನೂ ಇರಿಯದೆ. ಅದನ್ನು ಹೇಳಬೇಕಾದರೆ ಹನುಮಯ್ಯನ ವಿಷಯಕ್ಕೆ ಬರಬೇಕು.

ಹನುಮಯ್ಯ ನಮ್ಮ ನರ್ಸರಿಯ ಮಾಲಿ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಓದು ಬರಹ ಬಾರದು, ಆದರೆ ಅವನು ಕಟ್ಟಿದ ಕಸಿ ಒಣಗಿದ್ದನ್ನು ಯಾರೂ ಕಂಡಿರಲಿಲ್ಲ. ಅವನಿಗೂ ಒಂದು ಚಾಕು ಇತ್ತು, ಮಸೆದು ಮಸೆದು ಕಡ್ಡಿಯಷ್ಟು ಸಣಕಲಾದದ್ದು, ಎಣ್ಣೆಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ವಾರಕ್ಕೊಮ್ಮೆ ನನ್ನ ಚಾಕುವನ್ನೂ ಅವನೇ ಮಸೆದುಕೊಡುತ್ತಿದ್ದ. ಅವನು ಮಸೆಯುವಷ್ಟು ಹೊತ್ತೂ ನಾನು ಎದುರಿಗೆ ನಿಂತಿರುತ್ತಿದ್ದೆ. ಒಮ್ಮೆ ಮಾತ್ರ ಸಾಹೇಬರು ಕರೆದರೆಂದು ಅರ್ಧ ದಿನ ಅವನ ಕೈಯಲ್ಲಿ ಬಿಟ್ಟು ಹೋಗಬೇಕಾಯಿತು. ಆ ಅರ್ಧ ದಿನ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಆ ವರ್ಷ ಗುಬ್ಬಿಯ ಹತ್ತಿರದ ಹಳ್ಳಿಯಿಂದ ಪುಟ್ಟಮ್ಮಜ್ಜಿ ಎಂಬ ಮುದುಕಿ ನರ್ಸರಿ ಹುಡುಕಿಕೊಂಡು ಬಂದಳು. ಅವಳ ಮನೆಯ ಹಿಂದೆ ಒಂದು ಹಲಸಿನ ಮರ. ತೊಳೆ ಕೆಂಪಗೆ, ಕೇಸರಿಬಾತಿನ ಬಣ್ಣಕ್ಕೆ ಇರುತ್ತದಂತೆ. ಗಂಡ ಸತ್ತ ಮೇಲೆ ಹಿಸ್ಸೆಯಾಗಿ, ಮನೆ ಇವಳಿಗೂ ಮರ ನಿಂತ ಜಾಗ ಮೈದುನನ ಮಕ್ಕಳಿಗೂ ಹೋಗಿತ್ತು. ಅವರು ಹೊಸ ಮನೆ ಕಟ್ಟುತ್ತಿದ್ದರು. ಸಂಕ್ರಾಂತಿ ಹೊತ್ತಿಗೆ ಮರ ಕಡಿದು ಬಾಗಿಲುವಾಡ ಮಾಡಿಸುವುದೆಂದು ಗೊತ್ತಾಗಿತ್ತು. ಬೀಜ ಹಾಕಿದರೆ ಅದೇ ಹಣ್ಣು ಬರುವ ನಂಬಿಕೆಯಿಲ್ಲ, ಬೀಜದಿಂದ ಹುಟ್ಟಿದ ಎರಡು ಗಿಡಗಳಲ್ಲಿ ಬಿಳಿ ತೊಳೆ ಬಂದಿತ್ತು. ಕಡಿಯುವುದರೊಳಗೆ ಆ ಮರದ್ದೇ ಒಂದು ಗಿಡವಾದರೂ ತನ್ನ ಹಿತ್ತಲಿಗೆ ಬೇಕು ಎಂಬುದು ಅಜ್ಜಿಯ ಆಸೆ.

ಅದಕ್ಕೆ ಮುಂಚೆ, ಬೇಸಿಗೆಯಲ್ಲಿ, ಕುಣಿಗಲ್‌ನಲ್ಲಿ ಸರೋಜಳ ತಮ್ಮ ನಂಜುಂಡನ ಮದುವೆಯಾಯಿತು. ಮೂರು ದಿನ ಪಂಚೆ ಉಟ್ಟು ಓಡಾಡಿದೆ. ಪಂಚೆಗೆ ಬೆಲ್ಟಿಲ್ಲವಾದ್ದರಿಂದ ಚಾಕು ನಾವು ಜೊತೆಗೆ ಒಯ್ದಿದ್ದ ಟ್ರಂಕಿನಲ್ಲೇ ಉಳಿಯಿತು. ಟ್ರಂಕಿನ ಬೀಗದ ಕೈ ಸರೋಜಳ ಹತ್ತಿರ ಇತ್ತು, ನನಗೆ ಆತಂಕವಾಗಲಿಲ್ಲ. ವಾಪಸು ಬಂದು ನೋಡಿದರೆ ಚಾಕು ಹಿಂದೆಂದೂ ಇಲ್ಲದಷ್ಟು ಥಳಥಳ ಹೊಳೆಯುತ್ತಿತ್ತು. ಮೂರು ದಿನ ವಿಶ್ರಾಂತಿ ಸಿಕ್ಕಿದ್ದಕ್ಕೆ ಎಂದುಕೊಂಡೆ. ಇಷ್ಟು ಹೊಳೆಯುವುದನ್ನು ಮಸೆಯುವುದೇಕೆ ಎಂದು ಆಮೇಲೆ ಹನುಮಯ್ಯನ ಕೈಗೂ ಕೊಡಲಿಲ್ಲ. ಜೀವಮಾನವೆಲ್ಲ ಅನುಮಾನಿಸಿದವನು ಅನುಮಾನಿಸಬೇಕಾದ ಕಡೆ ಮಾತ್ರ ಅನುಮಾನಿಸಲಿಲ್ಲ.

ಮುಂಗಾರು ಶುರುವಾದ ಮೇಲೆ ಆರು ಹಲಸಿನ ಸಸಿಗಳನ್ನು ಕುಂಡಗಳಲ್ಲಿ ಹೊತ್ತುಕೊಂಡು ನಾನೂ ಹನುಮಯ್ಯನೂ ಅಜ್ಜಿಯ ಮನೆಗೆ ಹೋದೆವು. ಮರದ ಕೊಂಬೆಯ ಪಕ್ಕಕ್ಕೆ ಕುಂಡವನ್ನು ಏರಿಸಿ, ಕೊಂಬೆಯ ತೊಗಟೆಯನ್ನೂ ಸಸಿಯ ತೊಗಟೆಯನ್ನೂ ಹೆರೆದು, ಗಾಯಕ್ಕೆ ಗಾಯ ಸೇರಿಸಿ ಬಾಳೆನಾರಿನಲ್ಲಿ ಬಿಗಿಯುವುದು. ಎರಡು ಮೂರು ತಿಂಗಳಲ್ಲಿ ಒಂದಾದರೆ ಕೊಂಬೆಯನ್ನು ತಾಯಿಮರದಿಂದ ಬಿಡಿಸುವುದು. ಅಜ್ಜಿಯ ಕಣ್ಣು ಮೊದಲು ಬಿದ್ದದ್ದು ನನ್ನ ಸೊಂಟದ ಮೇಲೆ.

"ಯಾಕಪ್ಪ ಚಾಕು ಸಿಕ್ಕಸ್ಕೊಂಡು ಬಂದಿದೀಯ? ನೀನು ಗಿಡ ಕಟ್ಟೋನೋ, ಇಲ್ಲ ಆ ಹುಡುಗ್ರು ಕಳ್ಸಿರೋನೋ?"

ಹುಡುಗರು ಅಂದರೆ ಮೈದುನನ ಮಕ್ಕಳು. ಸರ್ಕಾರದವನು ಎಂದು ನಂಬಿಸುವುದರೊಳಗೆ ಸಾಕುಬೇಕಾಯಿತು. ಚಾಕು ಹೊರಗೆ ತೆಗೆದೆ. ಹನುಮಯ್ಯ ಅದನ್ನು ಇಸಿದುಕೊಂಡು ಹೆಬ್ಬೆರಳನ್ನು ಅಲಗಿನ ಮೇಲೆ ಮೆಲ್ಲಗೆ ಆಡಿಸಿದ.

"ಸ್ವಾಮಿ, ಇದು ಒಸಿ ಹಲ್ಲು ಬಿಟ್ಟದೆ. ಇವತ್ತು ಇದ್ರಲ್ಲಿ ಬ್ಯಾಡ. ನನ್ ಚಾಕು ಕೊಡ್ತೀನಿ, ಅದ್ರಲ್ಲೇ ಕುಯ್ಬುಡಿ."

ಕನ್ನಡಿಯ ಹಾಗೆ ಹೊಳೆಯುತ್ತಿರುವ ಚಾಕುವನ್ನು ಇವನು ಕೆಟ್ಟಿದೆ ಅನ್ನುತ್ತಾನೆ! ನನಗೆ ಥಟ್ಟನೆ ಹೊಳೆಯಿತು: ಕೆಂಪು ಹಲಸನ್ನು ಉಳಿಸಿದ ಹೆಸರು ತನ್ನ ಚಾಕುವಿಗೆ ಬರಲಿ ಅಂತ ಇವನ ಆಸೆ. "ನಿನ್ನ ಕೆಲಸ ನೀನು ನೋಡ್ಕೋ" ಎಂದೆ. ಅವನು ಬಾಳೆನಾರು ನೆನೆಸತೊಡಗಿದ. ಆರನ್ನೂ ನಾನೇ ಕೊಯ್ದೆ. ಕೊಯ್ಯುವಾಗ ತೊಗಟೆಯ ಅಂಚು ಜುಂಗುಜುಂಗಾಗಿ ಏಳುತ್ತಿದ್ದದ್ದು ಕಾಣುತ್ತಿತ್ತು. ಕಂಡೂ ಕಾಣದವನ ಹಾಗೆ ಕಟ್ಟಿಸಿದೆ.

ಗೌರಿಹಬ್ಬ ಕಳೆದು ಹೋಗಿ ನೋಡಿದರೆ ಆರೂ ಸಸಿಗಳು ಒಣಗಿ ನಿಂತಿದ್ದವು. ಕಟ್ಟು ಬಿಚ್ಚಿದರೆ ಒಳಗೆ ಕಪ್ಪು. ಅಜ್ಜಿ ಸೆರಗಿನಿಂದ ಒಂದು ಕುಂಡದ ಅಂಚಿನ ಮಣ್ಣು ಒರೆಸುತ್ತಾ ನಿಂತಳು. ನಾನು ಒರೆಯಿಂದ ಚಾಕು ತೆಗೆದು ಬಿಸಿಲಿಗೆ ಹಿಡಿದೆ. ಥಳಥಳಿಕೆ ಎಂದೋ ಹೋಗಿತ್ತು. ತುದಿಯ ಹತ್ತಿರ ಕಪ್ಪು ಚುಕ್ಕೆಗಳು, ಅಲಗಿನುದ್ದಕ್ಕೂ ಸಣ್ಣ ಸಣ್ಣ ಹಲ್ಲುಗಳು. ಯಾರೋ ಹುಳಿ ತಾಗಿಸಿದ್ದರು. ನನಗೆ ನಾಚಿಕೆಯಾಗಬೇಕಿತ್ತು. ನಾಚಿಕೆಯ ಬದಲು ಸಿಟ್ಟು ಬಂತು.

"ಹಲ್ಲು ಬಿಟ್ಟಿದೆ ಅಂತ ನಿನಗೆ ಮೊದಲೇ ಹೇಗೆ ಗೊತ್ತಿತ್ತು?" ಎಂದು ಹನುಮಯ್ಯನನ್ನು ಕೇಳಿದೆ. "ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಯ್ತಾ? ಕೆಡಿಸಿದವನಿಗೆ ಮಾತ್ರ ಗೊತ್ತಿರತ್ತೆ. ಆವತ್ತು ಅರ್ಧ ದಿನ ನಿನ್ನ ಕೈಯಲ್ಲಿ ಬಿಟ್ಟಿದ್ದೆನಲ್ಲ, ನಿಂಬೆಹಣ್ಣು ಕುಯ್ದಿಯೋ, ಮಾವಿನಕಾಯಿ ಕುಯ್ದಿಯೋ? ಈ ಅಜ್ಜಿ ಮರ ಹಾಳು ಮಾಡಿದೋನು ನೀನು."

ಎಂಥ ತರ್ಕ ನೋಡಿ! ಎಚ್ಚರಿಕೆ ಹೇಳಿದ್ದೇ ಅಪರಾಧಕ್ಕೆ ಸಾಕ್ಷಿಯಾಯಿತು. ಹನುಮಯ್ಯನ ಮುಖ ಚಿಕ್ಕದಾಯಿತು.

"ಇಲ್ಲ ಸ್ವಾಮಿ" ಎಂದ, ಅಷ್ಟೇ.

"ನೀವಿಬ್ರೂ ಅವ್ರ ಕಡೆಯೋರೇ ಇರ್ಬೇಕು" ಎಂದಳು ಅಜ್ಜಿ. "ಹೋಗ್ರಪ್ಪ, ಹೋಗಿ. ಇನ್ನು ಈ ಕಡೆ ಬರಬ್ಯಾಡಿ."

ತುಮಕೂರಿನ ತನಕ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಮರುದಿನ ಹನುಮಯ್ಯ ಸಾಹೇಬರಿಗೆ ಹೇಳಿಕೊಂಡು ಕಸಿ ಕೆಲಸ ಬಿಟ್ಟು ಗಿಡಗಳಿಗೆ ನೀರು ಹಾಕುವುದಕ್ಕೆ ಹೋದ. ಊರಿನಲ್ಲೇ ಅವನಂಥ ಕೈ ಇನ್ನೊಂದಿರಲಿಲ್ಲ, ಅದು ಈಗ ಕೊಡ ಎತ್ತುತ್ತಿತ್ತು. ಆ ಹಿಂಗಾರಿನಲ್ಲಿ ಭಾನುವಾರ ಬಂತೆಂದರೆ ಅವನು ಬೆಳಿಗ್ಗೆಯೇ ಬಸ್ ಹತ್ತುತ್ತಾನೆಂದು ಯಾರೋ ಹೇಳಿದರು. ಖಾಸಗಿ ತೋಟಗಳಿಗೆ ಕಸಿ ಕಟ್ಟಲು ಹೋಗುತ್ತಾನೆ, ಕಳ್ಳ, ಎಂದುಕೊಂಡೆ. ನನ್ನ ತೀರ್ಪು ಸರಿಯೆನ್ನುವುದಕ್ಕೆ ಇದೊಂದು ಸಾಕಾಗಿತ್ತು.

ಸಂಕ್ರಾಂತಿಗೆ ನಂಜುಂಡ ಹೆಂಡತಿಯೊಂದಿಗೆ ನಮ್ಮ ಮನೆಗೆ ಬಂದ. ಊಟಕ್ಕೆ ಕೂತಾಗ ನನ್ನ ಕೈ ಅಭ್ಯಾಸದಂತೆ ಸೊಂಟಕ್ಕೆ ಹೋದದ್ದನ್ನು ಕಂಡು ನಕ್ಕ.

"ಭಾವ, ನಿಮ್ ಚಾಕು ಮಾತ್ರ ಭಾರಿ ಚೂಪು ಕಣ್ರೀ. ಚಪ್ಪರದ ದಿವ್ಸ ನಿಂಬೆಹಣ್ಣು ಚುಚ್ಚುವಾಗ ನನ್ ಬೆರಳೇ ಕುಯ್ದಿತ್ತು."

ನಮ್ಮಲ್ಲಿ ಅರಿಸಿನ ಹಚ್ಚಿದ ಮೇಲೆ ಮದುವೆಗಂಡು ಬರಿಗೈಯಲ್ಲಿ ಇರಬಾರದು. ಗಾಳಿ ಗ್ರಹ ಸೋಕದಿರಲೆಂದು ಕೈಯಲ್ಲೊಂದು ಬಾಕು, ಅದರ ತುದಿಗೆ ನಿಂಬೆಹಣ್ಣು. ಮಲಗಿದರೂ ಎದ್ದರೂ ಅದು ಜೊತೆಗಿರಬೇಕು. ನನ್ನ ಮದುವೆಯಲ್ಲೂ ಹಿಡಿದಿದ್ದೆ. ಬಡಿಸುತ್ತಿದ್ದ ಸರೋಜ ಸೌಟು ಹಿಡಿದು ಹಾಗೆಯೇ ನಿಂತಳು.

"ಮನೆ ಬಾಕು ಹುಡುಕಿದ್ರೆ ಸಿಗ್ಲಿಲ್ಲ. ಮುಹೂರ್ತ ಮೀರ್ತಿತ್ತು. ಟ್ರಂಕಿಂದ ತೆಗ್ದು, ನಿಮ್ಗೆ ಗುರ್ತು ಸಿಗ್ದಿರ್ಲಿ ಅಂತ ಹಿಡಿಗೆ ಅರಿಸಿನದ ಬಟ್ಟೆ ಸುತ್ತಿ ಕೊಟ್ಟೆ" ಎಂದಳು. "ಎರಡು ದಿನ ಅಷ್ಟೇ. ಆಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳ್ದು ಇಟ್ಟಿದೀನಿ."

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ?"

"ಕೇಳಿದ್ರೆ ಕೊಡ್ತಿದ್ರಾ?"

ಇಲ್ಲ, ಕೊಡುತ್ತಿರಲಿಲ್ಲ. ಗುಬ್ಬಿಯಲ್ಲಿ ನಡೆದದ್ದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ, ಹೇಳಿದ್ದರೆ ಅವಳು ಅವತ್ತೇ ಒಪ್ಪಿಕೊಳ್ಳುತ್ತಿದ್ದಳು. ಹನುಮಯ್ಯನ ಚಿಕ್ಕದಾದ ಮುಖವೇ ಕಣ್ಣೆದುರಿಗೆ ಬರುತ್ತಿತ್ತು.

ನೆಟ್ಟಗೆ ಅವನ ಮನೆಗೆ ಹೋಗಬೇಕಿತ್ತು. ಧೈರ್ಯ ಬರಲಿಲ್ಲ. ಮೊದಲು ಗುಬ್ಬಿಗೆ ಹೋಗಿ ನೋಡೋಣ, ಮರ ಇನ್ನೂ ಇದ್ದರೆ ಮತ್ತೆ ಪ್ರಯತ್ನಿಸೋಣ, ಒಳ್ಳೆ ಸುದ್ದಿ ಹಿಡಿದುಕೊಂಡು ಅವನ ಮುಂದೆ ನಿಲ್ಲುವುದು ಸುಲಭ ಎಂದುಕೊಂಡು ಭಾನುವಾರ ಬಸ್ ಹತ್ತಿದೆ. ಮರ ಇರಲಿಲ್ಲ. ಹಳದಿ ಬಣ್ಣದ ಬೊಡ್ಡೆ ಮಾತ್ರ ಇತ್ತು, ಅದರಿಂದ ಇನ್ನೂ ಹಾಲು ಒಸರುತ್ತಿತ್ತು. ಅಜ್ಜಿ ನನ್ನನ್ನು ಕಂಡು ಬೈಯಲಿಲ್ಲ. ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

ನೆರಳಿನಲ್ಲಿ ಎರಡು ಕುಂಡಗಳು. ಎರಡರಲ್ಲೂ ಕಸಿ ಕೂಡಿಕೊಂಡು, ಕೆಂಪುಮಿಶ್ರಿತ ಹಸಿರು ಚಿಗುರು ಬಂದಿತ್ತು. ಬಾಳೆನಾರಿನ ಕಟ್ಟು ನೋಡಿದ ಕೂಡಲೇ ಯಾರದೆಂದು ತಿಳಿಯಿತು. ಹಾಗೆ ಗಂಟು ಹಾಕುವವನು ಒಬ್ಬನೇ.

"ನಿಮ್ಮಾಳು ವಾರ ವಾರ ಬಂದು ಕಟ್ಟಿ, ನೋಡ್ಕೊಂಡು ಹೋದ" ಎಂದಳು ಅಜ್ಜಿ. "ಮೊದ್ಲು ನಾನು ಒಳೀಕೇ ಬುಡ್ನಿಲ್ಲ. ನೀನೇ ಅಲ್ವಾ ಅವತ್ತು ಅಂದಿದ್ದು, ಇವ್ನೇ ಹಾಳು ಮಾಡ್ದೋನು ಅಂತ? ಸ್ವಾಮಿಗಳೇ ಕಳ್ಸವ್ರೆ ಅಂದ. ಆಮ್ಯಾಕೆ ಬುಟ್ಟೆ." ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. "ನೀನೇ ತಾನೆ ಕಳ್ಸಿದ್ದು?"

ಇಲ್ಲ ಎಂದರೆ ಹನುಮಯ್ಯ ನನ್ನ ಬಾಯಿಂದ ಎರಡನೇ ಸಲ ಸುಳ್ಳನಾಗುತ್ತಿದ್ದ. ಹೌದು ಎಂದರೆ ಅವನು ಮಾಡಿದ್ದು ನನ್ನ ಹೆಸರಿಗೆ ಬೀಳುತ್ತಿತ್ತು.

"ಹೌದಜ್ಜಿ, ನಾನೇ" ಎಂದೆ.

ಅಜ್ಜಿ ಎರಡು ಕೈಯೆತ್ತಿ ಹರಸಿದಳು. ಆ ಹರಕೆ ಹೊತ್ತುಕೊಂಡು ಬಸ್ಸಿನಲ್ಲಿ ಕೂತಿದ್ದು ನನ್ನ ಜೀವನದ ಅತಿ ಉದ್ದದ ಪ್ರಯಾಣ.

ಸೋಮವಾರ ಬೆಳಿಗ್ಗೆ ಹನುಮಯ್ಯ ಗುಲಾಬಿ ಪಾತಿಗೆ ನೀರು ಹಾಕುತ್ತಿದ್ದ. ಹತ್ತಿರ ಹೋಗಿ ನಿಂಬೆಹಣ್ಣಿನ ಕಥೆಯೆಲ್ಲ ಹೇಳಿದೆ. "ತಪ್ಪಾಯ್ತು ಹನುಮಯ್ಯ" ಎಂದೆ. ಅವನು ಕೊಡ ಕೆಳಗಿಟ್ಟ.

"ನನ್ ಕುಟ್ಟೆ ಯಾಕೆ ಸ್ವಾಮಿ ಹೇಳ್ತೀರ? ನಾನು ಕೆಡಿಸಿಲ್ಲ ಅಂತ ನಂಗೆ ಗೊತ್ತಿತ್ತಲ್ಲ. ಯಾರ ಮುಂದೆ ಅಂದ್ರೋ ಅವ್ರ ಮುಂದೆ ಹೇಳಿ."

ಮುಂದಿನ ಭಾನುವಾರ ಇಬ್ಬರೂ ಗುಬ್ಬಿಗೆ ಹೊರಟೆವು. ಈ ಸಲ ಒಂದೇ ಸೀಟಿನಲ್ಲಿ ಕೂತೆವು. ಅಜ್ಜಿಯ ಜಗಲಿಯ ಮುಂದೆ ನಿಂತು, ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಚಾಕು ಕೆಟ್ಟದ್ದು ನಮ್ಮ ಮನೆಯಲ್ಲಿ, ಇವನು ಬೇಡವೆಂದರೂ ಕೊಯ್ದವನು ನಾನು, ವಿಚಾರಿಸದೆ ಇವನನ್ನು ಬೈದವನೂ ನಾನು, ಗಿಡ ಉಳಿಸಲು ಇವನು ತಾನಾಗಿ ಬಂದ, ನಾನು ಕಳಿಸಿರಲಿಲ್ಲ, ಹೋದ ವಾರ ಹೇಳಿದ್ದು ಸುಳ್ಳು.

ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಹೋದ್ ವಾರ ಕಳ್ಸಿದ್ದೆ ಅಂದೆ. ಈ ವಾರ ಕಳ್ಸಿಲ್ಲ ಅಂತೀಯ. ಇಷ್ಟ್ ದೂರ ಬಂದು ತಪ್ಪಾಯ್ತು ಅನ್ನೋನಿಗೆ ಏನೋ ಬೇಕಾಗಿರ್ತದೆ. ಗಿಡ ಕೇಳಕ್ಕೆ ಬಂದ್ಯಾ?" ನಾನು ಬಾಯಿ ಬಿಡುವ ಮೊದಲೇ ಅವಳು ಹನುಮಯ್ಯನ ಕಡೆ ತಿರುಗಿದಳು. "ಏನ್ಲಾ ಹನುಮ, ಇವ್ನ ಮಾತ್ನ ನಂಬಬೋದಾ?"

ಹನುಮಯ್ಯ ನೆಲ ನೋಡಿದ, ಬೊಡ್ಡೆಯ ಕಡೆ ನೋಡಿದ.

"ನಂಬಬೋದು ಕಣಜ್ಜಿ" ಎಂದ.

ನಾಲ್ಕು ವರ್ಷ ಅವನ ಜೊತೆ ಕೆಲಸ ಮಾಡಿದ್ದೆ. ಯಾರಾದರೂ ಅವನ ಬಗ್ಗೆ ನನ್ನನ್ನು ಹಾಗೆ ಕೇಳಿದ್ದರೆ, ನಾನು ಅಷ್ಟು ಹೊತ್ತು ಯೋಚಿಸುತ್ತಲೂ ಇರಲಿಲ್ಲ. ಇಲ್ಲ ಎಂದುಬಿಡುತ್ತಿದ್ದೆ.